ಹೆರಿಗೆಯಾಗುವವರೆಗೆ

ಮಂಗಳೂರು
೨೮ ಜನವರಿ ೧೯೩೯

ಅಮ್ಮನಿಗೆ ನಮಸ್ಕಾರ.

ಘಟ್ಟ ಇಳಿದು ಸುಖವಾಗಿ ಸೇರಿದೆವು. ಸುಖ ಎನ್ನುವುದು ಕಾಗದದ ಮಾತು. ಮಡಿಕೇರಿಯಿಂದ ಕೆಳಗೆ ಮೇಷ್ಟರು ಎರಡು ಸಲ ವಾಂತಿ ಮಾಡಿಕೊಂಡರು, ನಾನು ಒಂದು ಸಲ. ಮೋಟಾರಿನವನು ಮಾತ್ರ ಎಲೆಯಡಿಕೆ ಜಗಿಯುತ್ತ, ತಿರುವು ಬಂದಾಗಲೆಲ್ಲ ಹಿಂದಕ್ಕೆ ತಿರುಗಿ ನಮ್ಮ ಯೋಗಕ್ಷೇಮ ವಿಚಾರಿಸುತ್ತಿದ್ದ.

ಮೇಷ್ಟರ ಉತ್ಸಾಹ ಇಳಿದಿಲ್ಲ. ಮದ್ದೂರಿನ ಸ್ಕೂಲಿನಲ್ಲಿ ಯೋಗಾನರಸಿಂಹಯ್ಯನವರು ಬೆತ್ತ ಹಿಡಿದು ಬಂದರೆ ನಮಗೆಲ್ಲ ಎದೆ ನಡುಗುತ್ತಿತ್ತು. ಪಿಂಚಣಿಯಾದ ಮೇಲೆ ಅದೇ ಮನುಷ್ಯ ಮಗುವಾಗಿದ್ದಾರೆ. ಈ ಸೀಮೆಯ ದೇವಸ್ಥಾನಗಳು, ಹಾಳುಬಿದ್ದ ಬಂದರುಗಳು, ಹೆಂಗಸರೇ ರಾಜ್ಯವಾಳಿದ ಕಥೆಗಳು, ಎಲ್ಲವನ್ನೂ ಸೇರಿಸಿ ಪುಸ್ತಕ ಮಾಡುತ್ತಾರಂತೆ. ಅವರಿಗೆ ಕಣ್ಣು ಮಂದ, ಹೆಂಡತಿ ಮಕ್ಕಳಿಲ್ಲ. ಅವರು ಹೇಳುವುದು, ನಾನು ಬರೆದುಕೊಳ್ಳುವುದು.

ಇಲ್ಲಿಯ ಬಿಸಿಲು ನಮ್ಮ ಕಡೆಯ ಬಿಸಿಲಲ್ಲ. ನಮ್ಮದು ನೆತ್ತಿ ಸುಟ್ಟು ಸುಮ್ಮನಾಗುತ್ತದೆ, ಇದು ಮೈಗೆ ಅಂಟಿಕೊಳ್ಳುತ್ತದೆ. ಹಂಚಿನ ಮನೆ, ಮನೆಗೊಂದು ಬಾವಿ, ಎಲ್ಲಿ ನೋಡಿದರೂ ತೆಂಗು. ಕುಚ್ಚಲಕ್ಕಿ ಅನ್ನ ಮೇಷ್ಟರಿಗೆ ಜೀರ್ಣವಾಗುತ್ತಿಲ್ಲ.

ನೀನು ಮಳವಳ್ಳಿಯಲ್ಲಿ ಬಸ್ಸಿನ ಕಿಟಕಿಗೆ ಮುಖವಿಟ್ಟು ಹೇಳಿದ್ದನ್ನು ಮರೆತಿಲ್ಲ. ಹೆಂಡತಿ ಬಸುರಿಯಾಗಿದ್ದಾಗ ಗಂಡ ಕ್ಷೌರ ಮಾಡಿಸಬಾರದು, ಸಮುದ್ರಸ್ನಾನ ಮಾಡಬಾರದು, ಹೆಣಕ್ಕೆ ಹೆಗಲು ಕೊಡಬಾರದು. ಮೊದಲ ಬಸುರಿನಲ್ಲಿ ನೀನು ಇದನ್ನು ಹೇಳಿದಾಗ ನಾನು ನಕ್ಕಿದ್ದೆ. ಅದು ಏಳನೆಯ ತಿಂಗಳಿಗೇ ಹೋಯಿತು. ಎರಡನೆಯ ಸಲ ನಗಲಿಲ್ಲ, ಆದರೆ ಕ್ಷೌರ ಮಾಡಿಸಿಕೊಂಡೆ. ಆ ಮಗು ಹುಟ್ಟಿತು, ಅತ್ತಿತು, ಸಂಜೆಯೊಳಗೆ ಹೋಯಿತು. ಈಗ ಶ್ರೀಮತಿಗೆ ಐದನೆಯ ತಿಂಗಳು. ನನಗೆ ಗಡ್ಡ ಕೆರೆದುಕೊಳ್ಳುವುದಕ್ಕೂ ಭಯ.

ನಿನ್ನೆ ಸಮುದ್ರ ನೋಡಿದೆ. ದೂರದಲ್ಲೇ ನಿಂತಿದ್ದೆ. ಒಂದು ಅಲೆ ಉಳಿದವಕ್ಕಿಂತ ಮುಂದೆ ನುಗ್ಗಿ ಬಂತು. ಚಪ್ಪಲಿ ಬಿಟ್ಟು ಓಡಿಹೋದೆ. ಮೀನು ಒಣಗಿಸುತ್ತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ.

ಈ ಕಾಗದ ಓದಿಯಾದ ಮೇಲೆ ಶ್ರೀಮತಿಗೆ ಕೊಡು.

ನಿನ್ನ ಮಗ,
ಅನಂತರಾಮು


ಮಳವಳ್ಳಿ
೬ ಫೆಬ್ರವರಿ ೧೯೩೯

ಚಿರಂಜೀವಿ ಅನಂತನಿಗೆ ನಿನ್ನ ತಾಯಿ ತಿರುಮಲಮ್ಮನ ಆಶೀರ್ವಾದ.

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಗೊತ್ತೇ ಇದೆ. ಕಷ್ಟಪಟ್ಟು ಓದಿಕೋ.

ಸೊಸೆಗೆ ಕಾಗದ ಕೊಡು ಎಂದು ನೀನು ಬರೆಯಬೇಕಾಗಿರಲಿಲ್ಲ. ಟಪಾಲಿನ ಚೌಡಯ್ಯ ಬೀದಿ ತಿರುಗುತ್ತಿದ್ದ ಹಾಗೇ ಅವಳು ಬಾಗಿಲಿನಲ್ಲಿದ್ದಳು. ನಾನು ಓದಿದ್ದು ಒಂದು ಸಲ, ಅವಳು ಓದಿದ್ದು ಎಷ್ಟು ಸಲವೋ. ಈಗ ಅದು ಅವಳ ದಿಂಬಿನ ಕೆಳಗಿದೆ. ನೀನು ಅಲೆಗೆ ಹೆದರಿ ಓಡಿದ್ದನ್ನು ಓದಿ ಒಬ್ಬಳೇ ನಗುತ್ತಾಳೆ. ನಾನು ನಗಲಿಲ್ಲ. ನೀನು ಮೊದಲನೆಯ ಸಲ ಬುದ್ಧಿವಂತನ ಕೆಲಸ ಮಾಡಿದ್ದೀಯ ಎಂದುಕೊಂಡೆ.

ಸೂಲಗಿತ್ತಿ ಚಿಕ್ಕಬೋರಮ್ಮ ವಾರಕ್ಕೊಂದು ಸಲ ಬಂದು ಹೊಟ್ಟೆ ಮುಟ್ಟಿ ನೋಡುತ್ತಾಳೆ. "ಕೂಸು ಸಂದಾಗದೆ ಕಣ್ರವ್ವಾ, ಈ ಕಿತ ಎದ್ರುಕೋಬ್ಯಾಡಿ" ಅಂತಾಳೆ. ಕಳೆದ ಸಲವೂ ಹೀಗೇ ಅಂದಿದ್ದಳು. ನಾನು ತಲೆ ಆಡಿಸುತ್ತೇನೆ, ಅವಳು ಹೋದ ಮೇಲೆ ಮಾರೆಹಳ್ಳಿ ನರಸಿಂಹಸ್ವಾಮಿಗೆ ಇನ್ನೊಂದು ಹರಕೆ ಹೇಳಿಕೊಳ್ಳುತ್ತೇನೆ. ಹಾವು ಕಡಿದವರಿಗೆ ಹಗ್ಗ ಕಂಡರೂ ದಿಗಿಲು.

ಶ್ರೀಮತಿ ತಾಯಿಯಿಲ್ಲದ ಹುಡುಗಿ. ತೌರು ಎಂದರೂ ನಾನೇ, ಅತ್ತೆ ಎಂದರೂ ನಾನೇ. ಮೊನ್ನೆ ರಾತ್ರಿ ಊಟಕ್ಕೆ ಕೂತವಳು ತುತ್ತು ಕೈಯಲ್ಲಿ ಹಿಡಿದು ಸುಮ್ಮನಾದಳು. ನನಗೆ ಜೀವವೇ ಹೋಯಿತು. "ಏನೇ" ಎಂದೆ. "ಆಡ್ತಿದೆ ಅತ್ತೆ" ಎಂದಳು. ಅವಳು ಊಟ ಮುಗಿಸಿದಳು, ನನಗೆ ಸೇರಲಿಲ್ಲ.

ಮೇಷ್ಟರನ್ನು ಜೋಪಾನ ಮಾಡು. ಗಂಜಿ ಮಾಡಿಸಿ ಕೊಡು. ನೀರು ಕಂಡ ಕಡೆ ಇಳಿಯಬೇಡ. ಪ್ರೀತಿಯಿಂದ ಹೇಳುತ್ತಿದ್ದೇನೆ ಅಂದುಕೊಂಡಿದ್ದೀಯ? ಕಾಲು ಹಿಡಿದು ಹೇಳುತ್ತಿದ್ದೇನೆ.

ಇಂತಿ,
ನಿನ್ನ ತಾಯಿ


ಕುಂದಾಪುರ
೨೧ ಫೆಬ್ರವರಿ ೧೯೩೯

ಅಮ್ಮ,

ಇದನ್ನು ಶ್ರೀಮತಿ ಇಲ್ಲದಾಗ ಓದು. ಓದಿದ ಮೇಲೆ ಅವಳ ಕೈಗೆ ಕೊಡಬೇಡ.

ಮೇಷ್ಟರು ಹೋದರು. ಬಸರೂರಿನ ಹಳೆಯ ಬಂದರನ್ನು ನೋಡಿಕೊಂಡು ದೋಣಿಯಲ್ಲಿ ಹಿಂದಕ್ಕೆ ಬರುತ್ತಿದ್ದೆವು. ಆ ಊರಿಗೆ ಅರಬರ ಹಡಗುಗಳು ಅಕ್ಕಿ ಒಯ್ಯಲು ಬರುತ್ತಿದ್ದವು ಎಂದು ಹೇಳುತ್ತಿದ್ದವರು, "ಬರೆದುಕೊಂಡೆಯಾ?" ಎಂದು ಕೇಳಿದರು. ಬರೆದುಕೊಂಡೆ ಎಂದು ತಲೆಯೆತ್ತಿದರೆ ಎದೆ ಹಿಡಿದುಕೊಂಡು ನನ್ನ ಮೇಲೆ ಒರಗಿದ್ದರು. ದಡ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ.

ಮೈಸೂರಿನಲ್ಲಿರುವ ಅವರ ತಮ್ಮನಿಗೆ ತಂತಿ ಕೊಟ್ಟೆ. ಅವರು ಘಟ್ಟ ಇಳಿದು ಬರುವವರೆಗೆ ಈ ಸೆಕೆಯಲ್ಲಿ ದೇಹ ಇಡುವಂತಿರಲಿಲ್ಲ. ಇಲ್ಲಿಯ ಸ್ಕೂಲಿನ ವಾಸುದೇವ ಹೊಳ್ಳರು ಎಂಬವರು, ನಾವು ಇಳಿದುಕೊಂಡಿದ್ದ ಮನೆಯವರು, ಓಡಾಡಿ ಸೌದೆ ಹೊಂದಿಸಿದರು. ಗೋತ್ರ ತಿಳಿಯದ ಪರಸ್ಥಳದ ಹೆಣಕ್ಕೆ ಜನ ಸುಲಭವಾಗಿ ಬರುವುದಿಲ್ಲ. ಆದರೂ ಹೊಳ್ಳರು, ಅವರ ಭಾವ, ಹೋಟೆಲಿನ ಅಡುಗೆಯವರೊಬ್ಬರು, ದೇವಸ್ಥಾನದ ಒಬ್ಬ ಪರಿಚಾರಕ, ನಾಲ್ಕು ಜನ ಆದರು. ನಾನು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದರೆ ಸಾಕಾಗಿತ್ತು. ನಿನ್ನ ಮಾತು ಉಳಿಯಿತು ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಆ ಹೊತ್ತಿನಲ್ಲಿ ಹಾಗೆ ಸಮಾಧಾನಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಚಟ್ಟ ಎತ್ತಬೇಕು, ಆಗ ಆ ಪರಿಚಾರಕ ಹಿಂದೆ ಸರಿದ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. "ನನ್ ಹೆಂಡ್ತಿ ಬಸ್ರಿ ಮಾರಾಯ್ರೆ. ಅಬ್ಬಿ ಈಗ ಹೇಳಿ ಕಳ್ಸಿದ್ರ್. ನಂಗೆ ಹೆಗಲ್ ಕೊಡೂಕಾತಿಲ್ಲೆ" ಎಂದ. ಅವನ ತಾಯಿಯೂ ನಿನ್ನಂತೆಯೇ ಹೇಳಿಕಳಿಸಿದ್ದಳು. ಯಾರೂ ಅವನನ್ನು ಬೈಯಲಿಲ್ಲ. ಅವನು ಹೋದ.

ಮೂರು ಜನ ನಿಂತು ನನ್ನ ಮುಖ ನೋಡಿದರು.

ನನ್ನ ಬಾಯಲ್ಲೂ ಅದೇ ಮಾತಿತ್ತು ಅಮ್ಮ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಹೇಳಿ ಹೋದ ಮೇಲೆ ನಾನೂ ಅದನ್ನೇ ಹೇಳಿದರೆ ಮೇಷ್ಟರು ಅಲ್ಲೇ ನೆಲದ ಮೇಲೆ ಉಳಿಯುತ್ತಿದ್ದರು. ಅವರಿಗೆ ಆ ಊರಿನಲ್ಲಿ ನಾನಲ್ಲದೆ ಯಾರಿದ್ದರು? ನಾನು ಬೆಂಕಿಯ ಮಡಕೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹೆಗಲು ಕೊಟ್ಟೆ.

ಸುಡುಗಾಡು ಸಮುದ್ರದ ದಂಡೆಯಲ್ಲೇ. ಆದ ಮೇಲೆ ಎಲ್ಲರೂ ಸಮುದ್ರದಲ್ಲೇ ಮುಳುಗಿದರು, ನನ್ನನ್ನೂ ಕರೆದರು. ಹೆಣ ಹೊತ್ತ ಮೇಲೆ ಇನ್ನು ಯಾವ ನೀರಾದರೇನು ಎಂದು ಇಳಿದೆ. ಮೂರು ಮುಳುಗು ಹಾಕಿದೆ. ಮೂರು ಸಲವೂ ಶ್ರೀಮತಿಯ ಹೊಟ್ಟೆಯೇ ಕಣ್ಣಮುಂದೆ ಬಂತು.

ಅಸ್ಥಿಯನ್ನು ಮೇಷ್ಟರ ತಮ್ಮನಿಗೆ ಒಪ್ಪಿಸಿ ಊರಿಗೆ ಹೊರಡಲೇ? ಹೊರಡುವುದಕ್ಕೂ ಹೆದರಿಕೆಯಾಗುತ್ತಿದೆ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಅನಂತರಾಮು


ಮಳವಳ್ಳಿ
೧ ಮಾರ್ಚ್ ೧೯೩೯

ಅನಂತ,

ಆಶೀರ್ವಾದ. ಇಲ್ಲಿ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಇಲ್ಲಿಯವರೆಗೆ ಕ್ಷೇಮ.

ಚೌಡಯ್ಯ ಬಂದಾಗ ಅವಳು ಹಿತ್ತಲಿನಲ್ಲಿದ್ದಳು. ನಾನು ದೇವರ ಮನೆಯಲ್ಲಿ ಓದಿದೆ. ಓದಿ ಅಲ್ಲೇ ಕೂತೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಅವರದಾ ಅತ್ತೆ?" ಎಂದು ಕೈ ಚಾಚಿದಳು. ನಾನು ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಡಿಯಲ್ಲಿದ್ದೀನಿ, ಆಮೇಲೆ ಓದಿ ಹೇಳ್ತೀನಿ ಎಂದೆ.

ನೀನು ಮಾಡಿದ್ದು ತಪ್ಪೇ? ಅಲ್ಲ ಕಣೋ. ಅಕ್ಷರ ಕಲಿಸಿದವರನ್ನು ಪರಸ್ಥಳದಲ್ಲಿ ನೆಲದ ಮೇಲೆ ಬಿಟ್ಟು ಬಂದಿದ್ದರೆ ನಿನ್ನ ಕೈಯಿಂದ ನಾನು ನೀರು ಕುಡಿಯುತ್ತಿರಲಿಲ್ಲ. ಆದರೆ ತಪ್ಪಲ್ಲದ್ದಕ್ಕೂ ಫಲ ಇರುತ್ತದೆ. ಬೆಂಕಿಗೆ ನಿನ್ನ ಮನಸ್ಸು ಒಳ್ಳೆಯದು ಎಂದು ಗೊತ್ತಾಗುತ್ತದೆಯೇ? ಎರಡು ಹೋಗಿವೆ. ಮೂರನೆಯದನ್ನು ಕಳೆದುಕೊಳ್ಳುವ ಶಕ್ತಿ ನನಗಿಲ್ಲ, ಅವಳಿಗೆ ಮೊದಲೇ ಇಲ್ಲ.

ಯಾರೋ ಕೇಳಿದರು ಎನ್ನುವ ಹಾಗೆ ನಮ್ಮ ಪುರೋಹಿತರನ್ನು ಕೇಳಿದೆ. ಆಪತ್ತಿನಲ್ಲಿ ಹೊತ್ತರೆ ದೊಡ್ಡ ದೋಷವಿಲ್ಲ, ಆದರೂ ಹೆರಿಗೆಯಾಗುವವರೆಗೆ ಹೆಂಡತಿಗೆ ಮುಖ ತೋರಿಸದಿದ್ದರೆ ಮೇಲು ಎಂದರು. ಅವರು ಮೇಲು ಎಂದರು. ನಾನು ಕಡ್ಡಾಯ ಎನ್ನುತ್ತೇನೆ. ನೀನು ಬರಬೇಡ. ಆ ಸೀಮೆಯಲ್ಲೇ ಇರು. ಕೊಲ್ಲೂರಿಗೆ ಹೋಗು, ಮೂಕಾಂಬಿಕೆಯ ಕಾಲು ಹಿಡಿ. ಸುಬ್ರಹ್ಮಣ್ಯಕ್ಕೆ ಹೋಗು. ಗೋಕರ್ಣಕ್ಕೆ ಹೋಗು. ಊಟಕ್ಕೆ ದೇವಸ್ಥಾನಗಳಿವೆ, ಮಲಗಲು ಜಗಲಿಗಳಿವೆ.

ಅವಳಿಗೆ ಮೇಷ್ಟರು ಹೋದ ಸುದ್ದಿಯನ್ನೇ ಹೇಳಿಲ್ಲ. ಹೇಳಿದರೆ, ಯಾರು ಹೊತ್ತರು ಎಂದು ಕೇಳುತ್ತಾಳೆ. ನಿನ್ನ ಹೆಂಡತಿ ದಡ್ಡಿಯಲ್ಲ. ಪುಸ್ತಕ ಮುಗಿದಿಲ್ಲ, ಮೇಷ್ಟರು ಬಿಡುತ್ತಿಲ್ಲ ಎಂದಿದ್ದೇನೆ. ಅವಳಿಗೆ ಬೇರೆ ಕಾಗದ ಬರೆಯಬೇಡ. ಹೆಣ ಹೊತ್ತ ಕೈ ಬರೆದದ್ದನ್ನು ಅವಳು ಮುಟ್ಟುವುದು ಬೇಡ. ನಾನೇ ದೂರ ಕೂತು ಓದಿ ಹೇಳುತ್ತೇನೆ. ನಿನ್ನ ಕಾಗದಗಳನ್ನು ನಾಗಂದಿಗೆಯ ಮೇಲೆ, ಅವಳ ಕೈಗೆ ಎಟುಕದ ಹಾಗೆ ಇಡುತ್ತಿದ್ದೇನೆ.

ಮೇಷ್ಟರಿಗಾಗಿ ಹಿತ್ತಲಿಗೆ ಹೋಗಿ ಅತ್ತೆ. ಅವಳು ಕಣ್ಣು ನೋಡಿ ಕೇಳಿದ್ದಕ್ಕೆ, ಮೆಣಸಿನಕಾಯಿ ಹುರಿಯುತ್ತಿದ್ದೆ, ಹೊಗೆ ಎಂದೆ.

ಇಂತಿ,
ನಿನ್ನ ತಾಯಿ


ಕೊಲ್ಲೂರು
೧೮ ಮಾರ್ಚ್ ೧೯೩೯

ಅಮ್ಮನಿಗೆ ನಮಸ್ಕಾರ.

ನಿನ್ನ ಅಪ್ಪಣೆಯಂತೆ ಬಂದಿದ್ದೇನೆ. ಕುಂದಾಪುರದಿಂದ ಒಂದಷ್ಟು ದೂರ ಬಸ್ಸು, ಒಂದಷ್ಟು ಗಾಡಿ, ಆಮೇಲೆ ಕಾಡಿನಲ್ಲಿ ಕಾಲ್ನಡಿಗೆ. ಹೊಳ್ಳರು ಜೊತೆಗೆ ಒಂದು ಗುಂಪು ಹುಡುಕಿಕೊಟ್ಟರು. ಕುಂದಾಪುರದಲ್ಲಿ ಅವರ ಮನೆಯಲ್ಲೇ ನನ್ನ ಬಿಡಾರ. ಮೇಷ್ಟರು ಹೇಳಿ ಬರೆಸಿದ್ದನ್ನೆಲ್ಲ ಶುದ್ಧಪ್ರತಿ ಮಾಡುತ್ತಿದ್ದೇನೆ. ಬರೆಯುತ್ತಿದ್ದರೆ ಅವರ ದನಿ ಕೇಳುತ್ತದೆ, ನಿಲ್ಲಿಸಿದರೆ ಹೆದರಿಕೆ.

ಇಲ್ಲಿ ಹೊಳೆಯಲ್ಲಿ ಮಿಂದು ದೇವಿಯ ಎದುರು ನಿಂತೆ. ಜನ ವಿದ್ಯೆ ಕೊಡು, ಮಾತು ಕೊಡು ಎಂದು ಕೇಳುವ ಜಾಗವಂತೆ. ನನಗೆ ಏನು ಕೇಳಬೇಕೋ ಬಾಯಿಗೆ ಬರಲಿಲ್ಲ. ನನ್ನಿಂದ ಅವಳಿಗೆ ಏನೂ ಆಗದಿರಲಿ ಎಂದಷ್ಟೇ ಅಂದೆ. ಅರ್ಚಕರು ನನ್ನ ಗಡ್ಡ ನೋಡಿ, "ಮನೆಯಲ್ಲಿ ವಿಶೇಷವೋ?" ಎಂದು ನಗುತ್ತ ಕೇಳಿದರು. ಹೌದೆಂದೆ. ಕುಂಕುಮ ಕೊಟ್ಟರು. ಕಳಿಸೋಣವೆಂದರೆ ನನ್ನ ಕೈ ತಾಗಿದ್ದು ಅಲ್ಲವೇ, ಜೇಬಿನಲ್ಲೇ ಇದೆ.

ಇಲ್ಲಿಗೆ ಬರುವ ಮೊದಲು ಗಂಗೊಳ್ಳಿಯ ದಂಡೆಯಲ್ಲಿ ಒಂದು ಸಂಜೆ ಹೊಳ್ಳರ ಜೊತೆ ಕೂತಿದ್ದೆ. ದೋಣಿಗಳು ಬರುವ ಹೊತ್ತು. ಮೀನುಗಾರರ ಹೆಂಗಸರು ತಮ್ಮ ಕಡಲದೈವ ಬೊಬ್ಬರ್ಯನ ಗುಡಿಗೆ ದೀಪವಿಟ್ಟು ಬಂದು ಸಾಲಾಗಿ ನಿಂತಿದ್ದರು. ಒಂದು ದೋಣಿ ತಡವಾಯಿತು. ಆ ದೋಣಿಯವನ ಹೆಂಡತಿ ಅಳಲಿಲ್ಲ, ಕೊಡ ಕಂಕುಳಲ್ಲಿಟ್ಟುಕೊಂಡು ನಿಂತೇ ಇದ್ದಳು. ಕೊನೆಗೆ ಅದೂ ಬಂತು. ಗಂಡ ಇಳಿದಾಗ ಅವಳು ಅವನ ಕಡೆ ನೋಡದೆ ಮನೆಗೆ ನಡೆದಳು. ಹೊಳ್ಳರು ನಕ್ಕರು. ನನಗೆ ನಗು ಬರಲಿಲ್ಲ.

ಶ್ರೀಮತಿಯ ಒಂದು ಸಾಲು ಕಳಿಸು ಅಮ್ಮ. ನಾನು ಬರೆಯಬಾರದು, ಅವಳು ಬರೆಯಬಹುದಲ್ಲ?

ಅನಂತರಾಮು


ಮಳವಳ್ಳಿ
೨೨ ಏಪ್ರಿಲ್ ೧೯೩೯

ಚಿ. ಅನಂತನಿಗೆ ಆಶೀರ್ವಾದ.

ತಡವಾಯಿತು. ಸೀಮಂತದ ಓಡಾಟ. ಗಂಡ ಊರಲ್ಲಿಲ್ಲದೆ ಎಂಥ ಸೀಮಂತ ಎಂದು ಬೀದಿಯವರು ಬಾಯಿ ಮೇಲೆ ಬೆರಳಿಟ್ಟುಕೊಂಡರು. ಹೋಮ ಹವನ ಇಲ್ಲ, ಬಳೆ ತೊಡಿಸಿ ಮಡಿಲು ತುಂಬುತ್ತೇವೆ ಅಷ್ಟೇ ಎಂದೆ. ಬಳೆಗಾರ ಶಿವಣ್ಣನನ್ನು ಮದ್ದೂರಿನಿಂದ ಕರೆಸಿದ್ದೆ. ಅವನು ಜಗಲಿಯಲ್ಲಿ ಮಲಾರ ಬಿಚ್ಚಿಕೊಂಡು ಹಸಿರು ಬಳೆ ತೊಡಿಸುತ್ತಿದ್ದ. ನನಗೆ ಒಳಗೆ ಒಬ್ಬಟ್ಟಿನ ಕೆಲಸ. ಆರತಿಯನ್ನು ಪಕ್ಕದ ಮನೆ ಜಯಲಕ್ಷ್ಮಮ್ಮ ಎತ್ತಿದರು. ನಾನು ಗಂಡ ಸತ್ತವಳು, ನಡುಮನೆಯ ಬಾಗಿಲ ಮರೆಯಿಂದ ನೋಡಿದೆ.

ಎಲ್ಲರೂ ಅವಳ ಬಳೆ ನೋಡುತ್ತಿದ್ದರೆ ಅವಳು ಮಾತ್ರ ತಲೆಯೆತ್ತಿ ನನ್ನ ಬರಿಗೈ ನೋಡುತ್ತಿದ್ದಳು. ಪಾಪ, ಅತ್ತೆ ಒಳಗೇ ನಿಂತಳಲ್ಲ ಎಂದು ಮರುಕ ಇರಬೇಕು.

ಸಾಲು ಕಳಿಸು ಎಂದಿದ್ದೆ. ಮೊದಲು ದಿನಾ ಕೇಳುತ್ತಿದ್ದಳು, ವಿಳಾಸ ಕೊಡಿ ಅತ್ತೆ ಎಂದು. ಊರೂರು ಸುತ್ತುವವನಿಗೆ ಎಲ್ಲಿಯ ವಿಳಾಸ ಎಂದು ತಳ್ಳಿಹಾಕುತ್ತಿದ್ದೆ. ಈಗ ಕೇಳುವುದನ್ನು ಬಿಟ್ಟಿದ್ದಾಳೆ. ಸೀಮಂತವಾದಾಗಿನಿಂದ ಬಹಳ ತಿಳಿವಳಿಕೆ ಬಂದಿದೆ. ಹಟವಿಲ್ಲ. ಕೊಟ್ಟದ್ದನ್ನು ತಿನ್ನುತ್ತಾಳೆ, ಮಲಗು ಎಂದರೆ ಮಲಗುತ್ತಾಳೆ. ಮುಡಿಗೆ ಹೂವಿಟ್ಟರೆ ಸುಮ್ಮನೆ ಇಡಿಸಿಕೊಳ್ಳುತ್ತಾಳೆ. ನಿನ್ನ ಕಾಗದ ಓದಿ ಹೇಳಿದರೆ ಕೇಳಿಸಿಕೊಂಡು, "ಆಯ್ತು ಅತ್ತೆ" ಎಂದು ಎದ್ದು ಹೋಗುತ್ತಾಳೆ. ದೇವಿ ಕಣ್ಣುಬಿಟ್ಟಳು ಎಂದುಕೊಂಡೆ.

ಕಾಲು ಮಾತ್ರ ಊದಿದೆ. "ಉಪ್ಪು ಕಮ್ಮಿ ಮಾಡಿ ಅಮ್ಮಾವ್ರೆ, ಮನಸ್ಸಿಗೆ ಯೋಚ್ನೆ ಅಚ್ಕೊಂಡವ್ರೆ, ಅದ್ಕೇ ಇಂಗೆ" ಅಂತಾಳೆ ಚಿಕ್ಕಬೋರಮ್ಮ. ಯೋಚನೆ ಯಾಕಿರುತ್ತದೆ? ಅವಳಿಗೆ ಏನೂ ಗೊತ್ತೇ ಇಲ್ಲವಲ್ಲ. ಗೊತ್ತಿರುವವಳು ನಾನು.

ಇಂತಿ,
ನಿನ್ನ ತಾಯಿ


ಗೋಕರ್ಣ
೨ ಮೇ ೧೯೩೯

ಅಮ್ಮ,

ನಿನ್ನ ಕಾಗದ ಕುಂದಾಪುರ ಸುತ್ತಿ ಇಲ್ಲಿಗೆ ಬಂತು. ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಶ್ರೀಮತಿ ಹಟ ಬಿಟ್ಟಳು ಎಂದರೆ ಸಂತೋಷಪಡುವ ಸಂಗತಿಯೇ? ಮದುವೆಯಾದ ವರ್ಷ ನಾನು ಮಂಡ್ಯಕ್ಕೆ ಹೋಗಿ ಸಂಜೆ ಬಸ್ಸು ತಪ್ಪಿಸಿಕೊಂಡದ್ದಕ್ಕೆ ಬೆಳಗಿನವರೆಗೆ ಬಾಗಿಲಲ್ಲಿ ಕೂತು, ಬಂದ ಮೇಲೆ ಮೂರು ದಿನ ಜಗಳವಾಡಿದ ಹುಡುಗಿ ಅವಳು. ಮೂರು ತಿಂಗಳು ನಾನು ಬರದಿದ್ದರೆ ಆಯ್ತು ಅತ್ತೆ ಎನ್ನುತ್ತಾಳೆಯೇ? ನಿನಗೆ ಅದು ತಿಳಿವಳಿಕೆಯಾಗಿ ಕಂಡಿತು. ನನಗೆ ದಿಗಿಲಾಗುತ್ತಿದೆ. ಅವಳಿಗೆ ಏನೋ ಆಗಿದೆ. ಅಥವಾ ನೀನು ನನ್ನಿಂದ ಏನೋ ಮುಚ್ಚಿಡುತ್ತಿದ್ದೀಯ. ನಿಜ ಹೇಳು, ಮಗು ಆಡುತ್ತಿದೆಯೇ?

ಇಲ್ಲಿ ಸಮುದ್ರ ದೇವಸ್ಥಾನದ ಬೆನ್ನಿಗೇ ಇದೆ. ಹಗಲೆಲ್ಲ ಬಿಸಿಲಿನಲ್ಲಿ ಮರಳು ಕಣ್ಣು ಕುಕ್ಕುತ್ತದೆ. ಯಾತ್ರಿಕರು ಮಕ್ಕಳು ಮರಿಗಳೊಂದಿಗೆ ಮುಳುಗೆದ್ದು ನಗುತ್ತ ಬರುತ್ತಾರೆ. ಇಂಥ ಚೆಂದದ ಊರುಗಳನ್ನು ನಾನು ಇನ್ನೆಂದೂ ನೋಡಲಾರೆ, ಆದರೆ ಯಾವುದನ್ನೂ ನೋಡಿದ ಹಾಗಾಗಲಿಲ್ಲ. ಆತ್ಮಲಿಂಗದ ಎದುರು ನಿಂತರೂ ಕಿವಿಯೆಲ್ಲ ಟಪಾಲಿನವನ ಕಡೆಗೇ.

ನನ್ನನ್ನು ಮದ್ದೂರಿನವರೆಗಾದರೂ ಬರಲು ಬಿಡು. ಛತ್ರದಲ್ಲಿರುತ್ತೇನೆ. ಅವಳಿಗೆ ಮುಖ ತೋರಿಸುವುದಿಲ್ಲ. ಒಂದೇ ಸೀಮೆಯ ಗಾಳಿಯಲ್ಲಾದರೂ ಇದ್ದೇನೆ ಎನಿಸಿದರೆ ಸಾಕು.

ಅನಂತರಾಮು


ಮಳವಳ್ಳಿ
೧೦ ಮೇ ೧೯೩೯

ಅನಂತ,

ಮಗು ಆಡುತ್ತಿದೆ. ಆಣೆಯಿಟ್ಟು ಹೇಳುತ್ತೇನೆ. ಮಂಡ್ಯದ ಲೇಡಿ ಡಾಕ್ಟರಿಗೂ ತೋರಿಸಿಕೊಂಡು ಬಂದೆ. ಎದ್ದು ಓಡಾಡಲಿ, ನಗಲಿ ಎಂದರು. ನಗು ಎಂದರೆ ಹೇಗೆ ನಗಿಸಲಿ?

ಮದ್ದೂರಿಗೆ ಬರಬೇಡ. ಮದ್ದೂರಿಗೆ ಬಂದವನು ಮಳವಳ್ಳಿಗೆ ಬರದೆ ಇರುತ್ತೀಯಾ? ನಾನು ನಿನ್ನನ್ನು ಹೆತ್ತವಳು. ಇನ್ನು ಮೂರು ವಾರ, ಕಲ್ಲು ನುಂಗಿಕೊಂಡು ಇರು. ಕುಂದಾಪುರದಲ್ಲಿಯೇ ಇರು, ತಂತಿ ಕೊಡುತ್ತೇನೆ. ಇನ್ನು ಕಾಗದವನ್ನೂ ಬರೆಯಬೇಡ. ಬಂದಾಗಲೆಲ್ಲ ಅವಳ ಮುಂದೆ ಸುಳ್ಳು ಓದಿ ಓದಿ ನನಗೆ ಸಾಕಾಗಿದೆ.

ನಿನ್ನ ತಾಯಿ


ಮಳವಳ್ಳಿ
೨೪ ಮೇ ೧೯೩೯

ಅನಂತ,

ಮೊದಲು ಇದನ್ನು ಓದಿಕೋ. ಮಗು ಹುಟ್ಟಿತು. ಹೆಣ್ಣು. ಉಳಿದಿದೆ. ಶ್ರೀಮತಿಯೂ ಉಳಿದಿದ್ದಾಳೆ.

ಮೊನ್ನೆ ಸೋಮವಾರ ಬೆಳಿಗ್ಗೆ ಬಾವಿಯ ಹತ್ತಿರ ನೋವು ಬಂತು. ದಿನ ತುಂಬಿರಲಿಲ್ಲ. ಚಿಕ್ಕಬೋರಮ್ಮ ಓಡಿಬಂದಳು. ನಡುಮಧ್ಯಾಹ್ನದವರೆಗೆ ಶ್ರೀಮತಿ ಒದ್ದಾಡಿದಳು, ಆದರೆ ಒಂದು ಸಲವೂ ನಿನ್ನ ನೆನೆಯಲಿಲ್ಲ. ಹಲ್ಲು ಕಚ್ಚಿಕೊಂಡಿದ್ದಳು. "ಎಣ್ಣು ಕೂಸು ಕಣ್ರವ್ವಾ, ಗಟ್ಟಿಗಿತ್ತಿ" ಎಂದು ಚಿಕ್ಕಬೋರಮ್ಮ ತೋರಿಸಿದಾಗ ನನಗೆ ನಂಬಿಕೆ ಬರಲಿಲ್ಲ. ಕಳೆದ ಸಲದ್ದೂ ಹೀಗೇ ಅತ್ತಿತ್ತು. ಸಂಜೆಯಾಗುವುದನ್ನೇ ಕಾಯುತ್ತ ತೊಟ್ಟಿಲಿನ ಪಕ್ಕ ಕೂತೆ. ಸಂಜೆ ಕಳೆಯಿತು, ರಾತ್ರಿ ಕಳೆಯಿತು. ಬೆಳಿಗ್ಗೆ ಅದು ಹಸಿದು ಕಿರುಚಿಕೊಂಡಿತು. ಆಗ ನಾನು ಅತ್ತೆ.

ಎತ್ತಿಕೊಂಡು ಹೋಗಿ ಅವಳ ಮಡಿಲಲ್ಲಿ ಹಾಕಹೋದೆ. ಅವಳು ಮಗುವನ್ನು ತೆಗೆದುಕೊಳ್ಳಲಿಲ್ಲ. ಎದ್ದು ಗೋಡೆಗೆ ಒರಗಿ, ಬಳೆ ತೊಟ್ಟ ಎರಡು ಕೈಯನ್ನೂ ನನ್ನ ಮುಂದೆ ಚಾಚಿದಳು.

"ಹೆರಿಗೆ ಆಯ್ತಲ್ಲ ಅತ್ತೆ. ಮಗುವೂ ಉಳೀತು. ಇನ್ನು ಹೇಳಿ" ಎಂದಳು.

"ಏನೇ ಹೇಳಲಿ?"

"ಅವರು ಹೋಗಿ ಎಷ್ಟು ದಿನ ಆಯ್ತು?"

ಕೈಯಲ್ಲಿದ್ದ ಮಗುವನ್ನು ಎದೆಗೆ ಒತ್ತಿಕೊಂಡೆ. ಏನು ಮಾತು ಅಂತ ಆಡ್ತೀಯೇ ಎಂದೆ. ಅವಳು ಕೂಗಾಡಲಿಲ್ಲ. ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಬಳೆ ತೊಡಿಸುವಾಗ ಶಿವಣ್ಣ, "ನಮ್ ಮೇಷ್ಟ್ರು ಓಗ್ಬುಟ್ರಲ್ಲ ಕಣವ್ವ, ಅದೆಲ್ಲೋ ಸಮುದ್ರದ್ ತಾವ ದೋಣೀಲಿ. ನಿಮ್ಮೋರೂ ಜೊತೆಗೇ ಓಗಿದ್ರಂತೆ?" ಎಂದನಂತೆ. ಅದೇ ಸಂಜೆ ನಾನು ನಿನ್ನ ಕಾಗದ ಹಿಡಿದು, ಮೇಷ್ಟರು ಕೊಲ್ಲೂರಿನಲ್ಲಿ ಪುಸ್ತಕ ಬರೆಸುತ್ತಿದ್ದಾರಂತೆ ಎಂದು ಅವಳಿಗೆ ಓದಿ ಹೇಳಿದೆ. ಸತ್ತ ಮೇಷ್ಟರನ್ನು ಬದುಕಿಸಿದವಳು ಮಗನನ್ನೂ ಬದುಕಿಸುತ್ತಿದ್ದಾಳೆ ಎಂದು ಅವಳಿಗೆ ಅನ್ನಿಸಿತು. ಕಾಗದವನ್ನು ಕೈಗೆ ಕೊಡಲಿಲ್ಲ. ವಿಳಾಸ ಕೊಡಲಿಲ್ಲ. ಓದುವಾಗ ನನ್ನ ಕಣ್ಣು ಕಾಗದದ ಮೇಲೆ ಇರುತ್ತಿರಲಿಲ್ಲವಂತೆ.

"ನಮ್ಮ ಚಿಕ್ಕಮ್ಮನಿಗೂ ಹೀಗೇ ಮಾಡಿದ್ರು ಅತ್ತೆ. ಚಿಕ್ಕಪ್ಪ ಹೋದಾಗ ಆಕೆಗೆ ಆರು ತಿಂಗಳು. ಹೆರಿಗೆಯಾಗೋವರೆಗೆ ಹೂವು ಮುಡಿಸಿ, ಕುಂಕುಮ ಇಟ್ಟು, ಊರಿಗೆ ಹೋಗಿದ್ದಾನೆ ಅಂತಿದ್ರು. ಮನೆಯವರಿಗೆಲ್ಲ ಗೊತ್ತು, ಆಕೆಗೊಬ್ಬಳಿಗೆ ಗೊತ್ತಿಲ್ಲ. ನೀವು ನನಗೆ ಹೂವು ಮುಡಿಸಿದಾಗಲೆಲ್ಲ ಆಕೆಯ ಮುಖ ನೆನಪಾಗೋದು. ಅತ್ತರೆ ಮಗುವಿಗೆ ಕೆಟ್ಟದ್ದಾಗುತ್ತೆ ಅಂತ ಅಳಲಿಲ್ಲ. ಈಗ ಅಳಬಹುದಲ್ಲ?"

ಅನಂತ, ನಾನು ನಿನ್ನ ತಂದೆಯನ್ನು ಕಳೆದುಕೊಂಡವಳು. ಅದು ಹೇಗಿರುತ್ತದೆ ಎಂದು ಗೊತ್ತಿರುವವಳು. ಬದುಕಿರುವ ಗಂಡನ ಬಳೆಯನ್ನು ಸತ್ತವನ ಬಳೆ ಎಂದುಕೊಂಡು ಒಂದು ತಿಂಗಳು ತೊಟ್ಟುಕೊಂಡಿದ್ದಳು, ನನ್ನ ಕಣ್ಣೆದುರಿಗೆ. ನಾನು ಅದಕ್ಕೆ ತಿಳಿವಳಿಕೆ ಎಂದು ಹೆಸರಿಟ್ಟೆ. ಹೆಣ ಹೊತ್ತವನು ನೀನು, ಆದರೆ ಮನೆಯೊಳಗೆ ಸಾವನ್ನು ತಂದು ಕೂರಿಸಿದವಳು ನಾನು.

ನಾಗಂದಿಗೆಯಿಂದ ಕಾಗದವನ್ನೆಲ್ಲ ಇಳಿಸಿ ಅವಳ ಮಡಿಲಿಗೆ ಸುರಿದೆ. ಮಡಿ ನೋಡಲಿಲ್ಲ, ಪುರುಡು ನೋಡಲಿಲ್ಲ. ಮೇಷ್ಟರು ಹೋದ ದಿನದ್ದನ್ನು ಮೊದಲು ಓದಿದಳು. ಇನ್ನೊಂದು ಸಲ ಓದಿದಳು. ಅಕ್ಷರದ ಮೇಲೆ ಬೆರಳಾಡಿಸಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಹೆಗಲು ಕೊಟ್ಟರು. ಇಷ್ಟೇನಾ ಅತ್ತೆ?"

"ಇಷ್ಟೇ" ಎಂದೆ. ಹೇಳುವಾಗ ನನಗೂ ಅದು ಇಷ್ಟೇ ಎಂದು ಕಂಡಿತು.

ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡಳು. ಗೋಕರ್ಣದ್ದನ್ನು ಕೈಯಲ್ಲಿ ಹಿಡಿದು, "ಇದು ಎರಡನೇ ತಾರೀಖಿಂದು. ಆಮೇಲಿನದು?" ಎಂದಳು. ಬರೆಯಬೇಡ ಎಂದು ನಾನೇ ಬರೆದಿದ್ದೆ ಎಂದೆ. "ಹೌದಾ" ಎಂದಳು. ಅವಳು ನನ್ನನ್ನು ಈಗ ಯಾಕೆ ನಂಬಬೇಕು? ತಂತಿ ಕೊಟ್ಟು ಜವಾಬು ತರಿಸುತ್ತೇನೆ ಎಂದೆ. "ಬೇಡ ಅತ್ತೆ, ತಂತಿಯವನು ಬಾಗಿಲಿಗೆ ಬಂದರೆ ನನ್ನ ಜೀವ ನಿಲ್ಲೋಲ್ಲ" ಎಂದಳು.

ಮಗುವಿಗೆ ಹಾಲು ಕೊಡುತ್ತಾಳೆ. ಮಗುವಿನ ಮುಖ ನೋಡುವುದಿಲ್ಲ, ಬೀದಿಯ ಬಾಗಿಲು ನೋಡುತ್ತಾಳೆ. ನನಗೆ ಈಗ ಬೇರೆ ಯಾವ ದೇವರ ಭಯವೂ ಇಲ್ಲ. ನೀನು ಘಟ್ಟದ ದಾರಿಯಲ್ಲಿ ಜೋಪಾನ ಕಣಪ್ಪ. ಜೋಪಾನ. ಈ ಕಾಗದದ ಕೆಳಗೆ ಜಾಗ ಬಿಡಿ ಎಂದಳು, ಬಿಟ್ಟಿದ್ದೇನೆ.

ನಿನ್ನ ತಾಯಿ

ಇನ್ನು ಕಾಗದ ಬರೆಯಬೇಡಿ. ಯಾರ ಕೈಲೂ ಹೇಳಿ ಕಳಿಸಬೇಡಿ. ನೀವೇ ಬನ್ನಿ.

ಶ್ರೀಮತಿ